ಸೋದರತ್ತೆ ಬಂದಳೆಂದುಕೊಂಡು

ಸೋಮವಾರ, ಮಧ್ಯಾಹ್ನ ಮೂರು ಗಂಟೆ
ಐಸಿಯು ಬಾಗಿಲೆದುರಿನ ಕಬ್ಬಿಣದ ಕುರ್ಚಿಯಿಂದ

ಪ್ರೀತಿಯ ಅತ್ತಿಗೆಯವರಿಗೆ, ನಿಮ್ಮ ತಂಗಿಯ ಗಂಡ ಮಾಡುವ ನಮಸ್ಕಾರಗಳು.

ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವರು ನೀವು. ಇವತ್ತೊಂದು ದಿನ ಅಕ್ಷರದ ತಪ್ಪು ಬಿಟ್ಟು ಬೇರೆ ತಪ್ಪು ನೋಡಿ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಲು ಹೊರಟೆ, ನಿಮ್ಮ "ಹೂಂ, ಆಮೇಲೆ?" ಕಿವಿಗೆ ಬಿದ್ದೊಡನೆ ನನ್ನ ನಾಲಿಗೆ ಹಾದಿ ತಪ್ಪಿತು. ನೀವು ಐದು ಗಂಟೆಗೆ ಬಸ್ಸಿಳಿದು ಬರುವಾಗ ಈ ಕಾಗದ ಕೆಳಗಿನ ವಿಚಾರಣೆ ಮೇಜಿನಲ್ಲಿರುತ್ತದೆ.

ಮೊದಲನೆಯದಾಗಿ, ಅವಳು ಇದ್ದಾಳೆ. ಉಸಿರಾಟಕ್ಕೆ ಕೊಳವೆ ಹಾಕಿದ್ದಾರೆ, ಹಾಗಾಗಿ ಮಾತಿಲ್ಲ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಕೊನೆಯ ಮಾತು ನನ್ನದಾಗಿರುವುದು ಇದೇ ಮೊದಲು. ಈ ತಮಾಷೆ ನನಗೂ ರುಚಿಸಲಿಲ್ಲ. ಹೆದರಿಕೆಯಾದಾಗ ಕೆಲವರು ಉಗುರು ಕಚ್ಚುತ್ತಾರೆ, ನಾನು ಹೀಗೆ.

ಅವಳ ಲೂಪಸ್ ನಿಮಗೆ ಗೊತ್ತೇ ಇದೆ. ಬೇಲಿಯೇ ಎದ್ದು ಹೊಲ ಮೇಯುವ ಕಾಯಿಲೆ. ಮೈಯನ್ನು ಕಾಯಬೇಕಾದ ಕಾವಲುಗಾರರೇ ಕೀಲುಗಳ ಮೇಲೆ ಕೈ ಮಾಡುತ್ತಾರೆ; ಅವರ ಕೈ ಕಟ್ಟಲು ದಿನಾ ಒಂದು ಮಾತ್ರೆ. ಕಾಯಿಲೆ ಕೆರಳಿದಾಗ ನಾವು ಗಂಡಹೆಂಡಿರು ಅದನ್ನು "ಸೋದರತ್ತೆ ಬಂದಿದ್ದಾಳೆ" ಎನ್ನುತ್ತಿದ್ದೆವು. ಹೇಳದೆ ಕೇಳದೆ ಬರುತ್ತಾಳೆ, ಕಂಡ ಕಂಡ ಕೀಲಿನ ಮೇಲೆ ಕೂರುತ್ತಾಳೆ, ವಾರಕ್ಕೆ ಮುಂಚೆ ಏಳುವುದಿಲ್ಲ. ಹೆಸರಿಟ್ಟವನು ನಾನೇ. ಅದರ ಬಗ್ಗೆ ಜಂಬವೂ ಇತ್ತು.

ಬುಧವಾರ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುವಾಗ ದಬ್ಬಣ ಅವಳ ಹೆಬ್ಬೆರಳಿಗೆ ಚುಚ್ಚಿತು. ಅವಳ ಕೆಲಸದಲ್ಲಿ ಅದು ಸುದ್ದಿಯೇ ಅಲ್ಲ. ಗುರುವಾರ ಬೆಳಿಗ್ಗೆ ಮೈಯೆಲ್ಲ ನೋವು, ನಡುಕ. "ಸೋದರತ್ತೆ ಬಂದ್ಳು ಕಣ್ರೀ" ಅಂದಳು. ಹೆಬ್ಬೆರಳು ಬೇರೆ ಊದಿದೆ ಅಂದಳು. "ಪಾಪ, ಜಾಗ ಸಾಲದೆ ಅಲ್ಲೂ ಕೂತಿದ್ದಾಳೆ" ಅಂದೆ. ನಕ್ಕಳು ಅತ್ತಿಗೆ. ಅಷ್ಟು ನೋವಿನಲ್ಲೂ ನಕ್ಕಳು.

ಹೋದ ಸಲ ಸೋದರತ್ತೆ ಬಂದಾಗ ಕೀಲಿನ ಡಾಕ್ಟರು ಮಾತ್ರೆ ಹೆಚ್ಚಿಸಿದ್ದರು. ಈ ಸಲ ಅವರನ್ನೇಕೆ ಕೇಳಬೇಕೆಂದು ನಾನೇ ಡಾಕ್ಟರಾದೆ. ಮಾಮೂಲಿನ ಮೇಲೆ ನಾಲ್ಕು ಮಾತ್ರೆ ಕೊಟ್ಟೆ. ಜ್ವರ ನೋಡಿದೆ, ಇರಲಿಲ್ಲ. ಥರ್ಮಾಮೀಟರನ್ನು ಬಹುಮಾನದಂತೆ ಎತ್ತಿ ತೋರಿಸಿದೆ.

ಶನಿವಾರ ಬೆಳಿಗ್ಗೆ ಅವಳು ನನ್ನ ಮುಖ ನೋಡಿ, "ತಾವು ಯಾರ ಕಡೆಯವರು?" ಅಂದಳು. "ಗಂಡಿನ ಕಡೆಯವನು" ಅಂದೆ. ಅವಳು ನಗಲಿಲ್ಲ. ಕೈ ಹಿಡಿದರೆ ಮಂಜುಗಡ್ಡೆ. ಆಗಲೇ ಇಲ್ಲಿಗೆ ಕರೆತಂದೆ.

ಇಲ್ಲಿನ ವೈದ್ಯೆ ಮೆತ್ತಗೆ ಮಾತಾಡುವ ಹೆಂಗಸು. ರಕ್ತಕ್ಕೆ ನಂಜು ಏರಿರಬಹುದು ಅಂದರು. ಜ್ವರವೇ ಇರಲಿಲ್ಲವಲ್ಲ ಎಂದು ನಾನು ವಾದಕ್ಕಿಳಿದೆ. "ಆ ಮಾತ್ರೆ ಜ್ವರಾನ ಮುಚ್ಚಿಡುತ್ತೆ ಸರ್. ಕಾವಲಿನೋರ ಕೈ ಬಾಯಿ ಎರಡೂ ಕಟ್ಟಿದ ಮೇಲೆ ಕಳ್ಳ ಬಂದ ಅಂತ ಕೂಗೋರು ಯಾರು?" ಅಂದರು. ಆಮೇಲೆ ಕೇಳಿದರು, ಮಾತ್ರೆ ಏನಾದರೂ ಜಾಸ್ತಿ ಮಾಡಿದ್ರಾ, ನಡುಕ ಯಾವಾಗಿನಿಂದ ಎಂದು. "ಇಲ್ಲ" ಅಂದೆ. "ಇವತ್ತು ಬೆಳಿಗ್ಗೆಯಿಂದ" ಅಂದೆ. ಎರಡೂ ನನ್ನನ್ನು ಕೇಳದೆಯೇ ಹೊರಬಿದ್ದವು.

ಇಂತಹವರು ಎಷ್ಟು ಜನ ಎದ್ದು ಮನೆಗೆ ಹೋಗುತ್ತಾರೆ ಎಂದು ವಿಚಾರಿಸಿದೆ. "ಹೋಗೋರು ಇದ್ದಾರೆ" ಅಂದರು. ಉಳಿದವರ ಬಗ್ಗೆ ಕೇಳುವ ಬದಲು ದುಡ್ಡು ಕಟ್ಟುವ ಕೌಂಟರ್ ಎಲ್ಲಿದೆ ಎಂದು ಕೇಳಿದೆ.

ಇವತ್ತು ಕಿಡ್ನಿಯೂ ಮುಷ್ಕರ ಹೂಡಿದೆ. ಇದು ನಂಜೋ, ಲೂಪಸ್ಸೇ ಕೆರಳಿದ್ದೋ ಅವರಿಗೆ ಖಚಿತವಿಲ್ಲ. ಹೊರನೋಟಕ್ಕೆ ಎರಡೂ ಅವಳಿಜವಳಿಯಂತೆ. ನಂಜಿನ ಔಷಧಿ ಹನಿಯುತ್ತಲೇ ಇದೆ. ಕೆರಳಿದ್ದು ಲೂಪಸ್ಸಾದರೆ ಕಾವಲುಗಾರರನ್ನು ಪೂರ್ತಿ ಮಲಗಿಸುವ ಇನ್ನೊಂದು ಬಲವಾದ ಔಷಧಿ ಕೊಡಬೇಕು. ನಂಜಾಗಿದ್ದರೆ ಅದೇ ಔಷಧಿ ಅವಳನ್ನು ತೆಗೆದುಕೊಂಡು ಹೋಗಬಹುದು. ನಾಲ್ಕು ಗಂಟೆಗೆ ಡಾಕ್ಟರೆಲ್ಲ ಕೂತು ತೀರ್ಮಾನಿಸುತ್ತಾರೆ. ಅವಳ ರಕ್ತದ ವರದಿಯ ಪಕ್ಕದಲ್ಲಿ ನಾನು ಹೇಳಿದ್ದನ್ನೂ ಬರೆದಿಟ್ಟುಕೊಂಡಿದ್ದಾರೆ; ಅದನ್ನು ನಂಬಿದರೆ ತಕ್ಕಡಿ ಲೂಪಸ್ ಕಡೆಗೆ ವಾಲುತ್ತದೆ.

ಆದರೆ ನೀವು ಗಾಬರಿಯಾಗಬೇಡಿ. ವೈದ್ಯೆಗೆ ಈಗಷ್ಟೇ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಮನಸ್ಸು ಹಗುರಾಗಿದೆ. ದಾರಿಯಲ್ಲಿ ಏನಾದರೂ ತಿಂದು ಬನ್ನಿ, ಇಲ್ಲಿನ ಕ್ಯಾಂಟೀನಿನ ಚಹಾಕ್ಕೆ ಹೆದರಿ ರೋಗಿಗಳು ಬೇಗ ಗುಣವಾಗುತ್ತಾರಂತೆ.

ಇತಿ ನಿಮ್ಮ ಕ್ಷಮೆಗೆ ಕಾದಿರುವ,
ತಂಗಿಯ ಗಂಡ

ತಾ.ಕ.: ಈಗ ನಾಲ್ಕಕ್ಕೆ ಹತ್ತು ನಿಮಿಷ. ಅತ್ತಿಗೆ, ಶುಕ್ರವಾರವೂ ನಾಲ್ಕು ಕೊಟ್ಟೆ. ಒಟ್ಟು ಎಂಟು. ವೈದ್ಯೆಗೆ ನಾನಿನ್ನೂ ಏನನ್ನೂ ಹೇಳಿಲ್ಲ. ಎರಡು ಸಲ ಬಾಗಿಲವರೆಗೆ ಹೋದೆ, ಎರಡು ಸಲವೂ "ಹೇಗಿದ್ದಾಳೆ?" ಎಂದಷ್ಟೇ ಕೇಳಿ ಬಂದು ಕೂತೆ. ಈ ಬಾಯನ್ನು ನೆಚ್ಚಿಕೊಂಡು ಅವಳನ್ನು ಒಳಗೆ ಹಾಗೇ ಬಿಟ್ಟಿರಲಾರೆ. ಅದಕ್ಕೇ ಈ ಕಾಗದವನ್ನು ಮಡಚದೆ, ಈ ಪುಟ ಮೇಲಿಟ್ಟು, ವೈದ್ಯೆಯ ಕೈಗೆ ಕೊಡುತ್ತಿದ್ದೇನೆ. ನೀವು ಬಂದ ಮೇಲೆ ಅವರಿಂದ ಕೇಳಿ ಇಸಿದುಕೊಳ್ಳಿ.