ಗ್ರೀಕ್ ವಿಭಾಗಕ್ಕೆ ಆರನೆಯವರು

ಸೆಪ್ಟೆಂಬರ್ 18, ಸೋಮವಾರ
ಹತ್ತಕ್ಕೆ ವಿಭಾಗದ ಆಫೀಸಿನ ಕಿಟಕಿ ತೆರೆದೆ. ಈ ವರ್ಷ ಸೇರಲು ಬಂದ ಅರ್ಜಿ ಐದೇ. ಕಾನೂನು ವಿಭಾಗದ ಕ್ಯೂ ಮೆಟ್ಟಿಲಿಳಿದು ಚಾಪೆಲ್ ಬಾಗಿಲು ಮುಟ್ಟಿದೆ. ಇರಲಿ. ಅವರು ನಿನ್ನೆ ಮೊನ್ನೆಯವರು. ಅಕ್ಟೋಬರಿನ ವರ್ಷಾರಂಭದ ಮೆರವಣಿಗೆಯಲ್ಲಿ ದೇವತಾಶಾಸ್ತ್ರದ ಬೆನ್ನಿಗೇ ನಡೆಯುವವರು ನಾವು — ಗ್ರೀಕ್, ಲ್ಯಾಟಿನ್. ಮೂವತ್ತೊಂದು ವರ್ಷ ಇದೇ ಗುಮಾಸ್ತೆಯ ಕುರ್ಚಿ. ಒಂದು ಕಾಗದ ತಪ್ಪಿಲ್ಲ.

ಡೀನ್ ಮೇಡಂ ನಿಂತೇ ಹೇಳಿಹೋದರು. "ಅಪೊಲೊನಿಯಾ ಅವರೇ, ಶುಕ್ರವಾರ ಎರಡು ಗಂಟೆಯೊಳಗೆ ಆರು ಜನ ಆಗ್ಲಿಲ್ಲ ಅಂದ್ರೆ ನಿಮ್ಮ ವಿಭಾಗಾನ ಇತಿಹಾಸಕ್ಕೆ ಸೇರಿಸ್ಬಿಡ್ತೀವಿ."

ಸೇರಿಸುವುದಂತೆ! ನುಂಗುವುದು ಅನ್ನಬೇಕು.

ಸೆಪ್ಟೆಂಬರ್ 20
ಆರನೆಯವಳು ಬಂದಳು. ರಾಡೊಮ್‌ನಿಂದ ಬಸ್ಸಲ್ಲಿ. ಶಾಲೆಯ ಸರ್ಟಿಫಿಕೇಟು ಬರೀ ಜೆರಾಕ್ಸ್. "ಒರಿಜಿನಲ್ ತಗೊಂಡು ನಾಳೆ ಬಾಮ್ಮಾ" ಅಂದೆ. ನಿಯಮ ಅಂದರೆ ನಿಯಮ.

ಸೆಪ್ಟೆಂಬರ್ 21
ಬರಲಿಲ್ಲ. ಫೋನ್ ಮಾಡಿದೆ. "ಮನಶ್ಶಾಸ್ತ್ರದವ್ರು ಜೆರಾಕ್ಸ್‌ಗೇ ಸೇರಿಸ್ಕೊಂಡ್ರು ಮೇಡಂ."

ವಿಭಾಗದ ಮುಖ್ಯಸ್ಥರು ಫಾದರ್ ಗ್ರಾತ್ಸಿಯಾನ್. ಅವರಿಗೆ ಹೇಳಲೇಬೇಕಾಯಿತು. ನನಗೆ ಚಹಾ ಬಗ್ಗಿಸಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು... ವಿಭಾಗವನ್ನು ನನ್ನ ಕೈಯಾರೆ ಮುಚ್ಚಿದೆನಲ್ಲ.

ಸೆಪ್ಟೆಂಬರ್ 22, ಮಧ್ಯಾಹ್ನ 2:10
ಒಂದು ಗಂಟೆಗೆ ಹೊಳೆಯಿತು. ಮನೆಗೆ ಫೋನ್ ಮಾಡಿದೆ. ನನ್ನ ಗಂಡ ಲೂದ್ವಿಕ್ ಟ್ಯಾಕ್ಸಿ ಹಿಡಿದು ಏದುಸಿರು ಬಿಡುತ್ತ ಬಂದ, 1985ರ ನನ್ನ ಶಾಲೆಯ ಸರ್ಟಿಫಿಕೇಟು ಹಿಡಿದು. "ಮದುವೇಲೂ ಇಷ್ಟು ಓಡ್ಸಿರ್ಲಿಲ್ಲ ಕಣೇ ನೀನು!"

ಫಾದರನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ನನ್ನ ಅರ್ಜಿಗೆ ನಾನೇ ಮೊಹರು ಒತ್ತುವ ಹಾಗಿಲ್ಲ. ಕಿಟಕಿಯ ಆಚೆ ಹೋಗಿ ನಿಂತೆ.

"ಅಪೊಲೊನಿಯಾ ಅವರೇ, ಇದು ಒರಿಜಿನಲ್ಲೇ ತಾನೆ?"

"ಫಾದರ್!"

"ಮೂರು ವರ್ಷ ಓದ್ಬೇಕು. ತಮಾಷೆ ಅಲ್ಲ."

"ತಮಾಷೆಗೆ ಬಂದಿಲ್ಲ. ಬೇಗ ಒತ್ತಿ, ನಾಲ್ಕೇ ನಿಮಿಷ ಇರೋದು."

ಮೊಹರು ತಲೆಕೆಳಗಾಗಿ ಬಿತ್ತು. ಬೇರೆ ಯಾರಾದರೂ ಹಾಗೆ ಒತ್ತಿದ್ದರೆ ಹೊಸ ಫಾರ್ಮ್ ಕೇಳುತ್ತಿದ್ದೆ. ಇವತ್ತು ಅದನ್ನೇ ಫೈಲಿಗೆ ಸೇರಿಸಿದೆ.

ಅಕ್ಟೋಬರ್ 8, ಭಾನುವಾರ
ಪೂಜೆ, ಮೆರವಣಿಗೆ, ಪ್ರಮಾಣವಚನ. ಹುಡುಗರ ಸಾಲಿನ ಕೊನೆಯಲ್ಲಿ ನಾನು, ಐವತ್ತೇಳರ ಮುದುಕಿ. ಕಾನೂನಿನ ಹುಡುಗಿಯರು ಕಿಸಕ್ ಅಂದರು. ನಗಲಿ. ಎರಡು ಬೆರಳೆತ್ತಿ ಪ್ರಮಾಣ ಮಾಡಿದೆ. ವಿದ್ಯಾರ್ಥಿನಿ ಅಂತ ಒಪ್ಪಿಕೊಂಡ ಗುರುತಿಗೆ ಕುಲಪತಿಗಳು ಬೆಳ್ಳಿ ದಂಡ ಹೆಗಲಿಗೆ ಮುಟ್ಟಿಸಿದರು. ನಮ್ಮ ವಿಭಾಗ ಎರಡನೆಯ ಸಾಲಲ್ಲೇ ನಡೆಯಿತು. ಸುಳ್ಳೇಕೆ, ಎದೆ ತುಂಬ ಹೆಮ್ಮೆ.

ಡೀನ್ ಮೇಡಂ ಕೈಕುಲುಕಿದರು. "ಗೆದ್ರಿ ಬಿಡಿ."

ಅಕ್ಟೋಬರ್ 9
ಮೊದಲ ಗ್ರೀಕ್ ಪಾಠ. ಫಾದರ್ ಬಂದರು, ಆರೂ ಜನ ಎದ್ದೆವು. ಕನ್ನಡಕ ಏರಿಸಿ ಒಬ್ಬೊಬ್ಬರನ್ನೇ ನೋಡಿದರು. "ಅಪೊಲೊನಿಯಾ, ಬೋರ್ಡ್ ಹತ್ರ ಬಾ."

'ಅವರೇ' ಇಲ್ಲ. 'ಬನ್ನಿ' ಇಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ. ಕಣ್ಣು ಮಂಜಾಯಿತು, ಆದರೂ ಹೋದೆ. ಅಕ್ಷರ ಸೊಟ್ಟ, ಬೈಸಿಕೊಂಡೆ. ಇನ್ನು ಬರೆಯಲು ಪುರಸೊತ್ತಿಲ್ಲ. ನಾಳೆಗೆ ಇಪ್ಪತ್ತು ಪದ ಬಾಯಿಪಾಠ, ಹದಿನೇಳು ಬಂತು, ಇನ್ನು—