ಎಡ ಮೊಣಕಾಲಿನ ನಡುಕ

ಕೋಡಂಬಾಕ್ಕಂ, ಚೆನ್ನೈ
14-8-2006

ಗೋದಕ್ಕನಿಗೆ ನಮಸ್ಕಾರ.

ಇದರ ಜೊತೆಗಿರುವ ಸಿ.ಡಿ.ಯನ್ನು ಕಿಟ್ಟುವಿನ ಡಾಕ್ಟರಿಗೆ ಕೊಡು. ಕಾಯಿಲೆ ಯಾವಾಗ ಶುರುವಾಯಿತು ಎಂದು ಅವರು ಕೇಳಿದಾಗ, ಹೋದ ವರ್ಷ ಬಸ್ಸಿನಿಂದ ಬಿದ್ದ ಮೇಲೆ ಎಂದು ನೀವೆಲ್ಲ ಹೇಳಿದಿರಿ. ನಾನು ಸುಮ್ಮನಿದ್ದೆ.

ಮೂರು ವರ್ಷದ ಹಿಂದೆ ನಮ್ಮ ಸ್ಟುಡಿಯೋದ ಕಾರ್ಟೂನ್ ಚಿತ್ರಕ್ಕಾಗಿ ಅವನ ಮೈಗೆ ಹೊಳೆಯುವ ಮಾರ್ಕರ್ ಗುಂಡುಗಳನ್ನು ಅಂಟಿಸಿ, ನಡಿಗೆಯನ್ನು ಕ್ಯಾಮೆರಾಗಳಲ್ಲಿ ಹಿಡಿದಿದ್ದೆವು. ಎಡ ಮೊಣಕಾಲಿನ ಗುಂಡು ನಡುಗುತ್ತಿತ್ತು. ಅಂಟು ಸಡಿಲವಾಗಿದೆ ಎಂದುಕೊಂಡೆ. ಅಂಥ ನಡುಕವನ್ನು ಕಂಪ್ಯೂಟರಿನಲ್ಲಿ ಅಳಿಸುವುದೇ ನನ್ನ ಕೆಲಸ. ಅಳಿಸಿದೆ. ಪರದೆಯ ಮೇಲೆ ಅವನ ನಡಿಗೆಯಲ್ಲೇ ನಡೆಯುವ ಕಾರ್ಟೂನ್ ಗೊಂಬೆಯನ್ನು ನೋಡಿ ಕಿಟ್ಟು ನಕ್ಕಿದ್ದ: "ಸೂಪರ್ ಚಿಕ್ಕಮ್ಮಾ! ಇವನು ನನಗಿಂತ ಚೆನ್ನಾಗಿ ನಡೀತಾನೆ."

ಅಂದು ಅಂಟನ್ನು ಒಮ್ಮೆ ಮುಟ್ಟಿ ನೋಡಿದ್ದರೆ? ಆ ಪ್ರಶ್ನೆ ನನಗಿರಲಿ. ಸಿ.ಡಿ.ಯಲ್ಲಿರುವುದು ನಾನು ತಿದ್ದುವ ಮೊದಲಿನ ನಡಿಗೆ. ಬೀಳುವುದಕ್ಕೆ ಮುಂಚೆಯೇ ಶುರುವಾಗಿದ್ದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು ಎಂದು ಡಾಕ್ಟರು ಹೇಳಿದ್ದರು.

ಕಿಟ್ಟುವಿನ ಜೊತೆ ಅವನ ತಂಗಿ ಸಂಹಿತಾಳನ್ನೂ ಕರೆದುಕೊಂಡು ಹೋಗು. ಭಾನುವಾರ ಅವಳು ನಮ್ಮ ಮನೆಯ ಮೆಟ್ಟಿಲಿಳಿಯುವುದನ್ನು ನೋಡಿದೆ. ನಾನು ಏನೋ ಹೇಳಲು ಮರೆತವಳಂತೆ ಅವಳನ್ನು ಮೇಲಕ್ಕೆ ಕರೆದು, ಇನ್ನೊಮ್ಮೆ ಇಳಿಯುವಾಗಲೂ ನೋಡಿದೆ. ಅವಳ ಮೊಣಕಾಲಿಗೆ ಯಾರೂ ಏನನ್ನೂ ಅಂಟಿಸಿರಲಿಲ್ಲ.

ನಿನ್ನ ತಂಗಿ,
ವಾರಿಜಾ