ಬೋಳು ತುಟಿ

ಯಲಬುರ್ಗಾ, ೧೪ ಜೂನ್ ೧೯೪೧, ಶನಿವಾರ

ಮಗ್ಗಿ ಮುಗಿಯಿತು. ಮೊದಲನೇ ಪುಸ್ತಕ, ಮೂರನೇ ಪಾಠ. ನನ್ನ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಒದರಿದರು. ಹುಲಗೆಮ್ಮ ಮಾತ್ರ ಎಂದಿನಂತೆ ಪಕ್ಕದವರ ಬಾಯಿ ನೋಡುತ್ತ ಕೂತಿದ್ದಳು. ಐದು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋದವಂತೆ. ಮಾತು ಉಳಿದಿದೆ, ಒಡಕು ದನಿಯಲ್ಲಿ. ಎರಡು ವರ್ಷದಿಂದ ಅದೇ ಪುಸ್ತಕ. ಊರಿಗೆಲ್ಲ ಅವಳು "ಕೆಪ್ಪಿ".

ಹೆಡ್ ಮಾಸ್ತರ ಶಫೀಸಾಬರು ಇಂದು ಖಡಾಖಂಡಿತವಾಗಿ ಹೇಳಿದರು — ದಸರೆಯೊಳಗೆ ಓದದಿದ್ದರೆ ಶಾಲೆಯ ಪಟ್ಟಿಯಿಂದ ಹೆಸರು ಖಾರಿಜ್. ತಾಯಿ ಸುಂಕಲಮ್ಮ ಕೂಲಿಯವಳು. ಶಾಲೆ ಬಿಡಿಸಿದರೆ ಮಗಳನ್ನು ಕೊಪ್ಪಳದ ಹತ್ತಿ ಗಿರಣಿಗೆ, ಜಿನ್ನಿಗೆ, ಹಚ್ಚುತ್ತಾಳಂತೆ. ಆ ಯಂತ್ರಗಳ ನಡುವೆ ಕಿವಿ ಕೇಳದ ಹುಡುಗಿ... ಬೇಡ.

೧೯ ಜೂನ್, ಗುರುವಾರ

ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡೆ. ಕಿವಿಯ ಹತ್ತಿರ ಕಿರುಚಿದೆ. ನನ್ನ ಗಂಟಲು ಹರಿಯಿತೇ ಹೊರತು ಏನೂ ಆಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ಚಾಚಿ ನನ್ನ ಮೀಸೆಯನ್ನು ಬೆರಳಿನಿಂದ ಮೇಲಕ್ಕೆತ್ತಿದಳು, ಪರದೆ ಸರಿಸಿದ ಹಾಗೆ.

"ಈಗ ಹೇಳ್ರಿ."

ಅಕ್ಷರ ತೋರಿಸಿ ಹೇಳಿದೆ. ತಿರುಗಿ ಹೇಳಿದಳು, ಸರಿಯಾಗಿ. ದಡ್ಡಿಯಲ್ಲ. ಅವಳಿಗೆ ನನ್ನ ತುಟಿಯೇ ಕಂಡಿರಲಿಲ್ಲ.

೪ ಜುಲೈ, ಶುಕ್ರವಾರ, ರಜೆ

ಮೀಸೆಯನ್ನು ಕತ್ತರಿಯಿಂದ ಸಣ್ಣ ಮಾಡಿ ನೋಡಿದ್ದೆ. ಸಾಲದು. ಇಂದು ಕ್ಷೌರಿಕ ಹೊಳಿಯಪ್ಪನಿಗೆ ಪೂರ್ತಿ ತೆಗೆ ಎಂದೆ. ಯಾವಾಗ ತೀರಿಕೊಂಡರು ಎಂದು ಕೇಳಿದ. ನಮ್ಮಲ್ಲಿ ತಂದೆ ತೀರಿದಾಗಲೇ ಮೀಸೆ ತೆಗೆಸುವುದು. ಅಪ್ಪ ಕನಕಗಿರಿಯಲ್ಲಿ ಗಟ್ಟಿಮುಟ್ಟಾಗಿದ್ದಾರೆ ಎಂದೆ. ಹಾಗಾದರೆ ಮುಟ್ಟಲಾರೆ ಎಂದು ಕತ್ತಿ ಕೆಳಗಿಟ್ಟ.

ಮನೆಗೆ ಬಂದು ನಾನೇ ತೆಗೆದೆ. ಪಂಪಾವತಿ ಕನ್ನಡಿ ಕಸಿದುಕೊಂಡು ಅತ್ತಳು. ಹೆಂಡತಿಗೆ ಹೇಗೆ ಹೇಳುವುದು... ಕೂದಲು ತಾನೆ? ದಸರೆ ಮುಗಿದ ಮೇಲೆ ಮತ್ತೆ ಮೀಸೆ ಬಿಡುತ್ತೇನೆ.

೧೦ ಜುಲೈ

ಪ, ಬ, ಮ — ತುಟಿಯಲ್ಲಿ ಮೂರೂ ಒಂದೇ. ಅವಳ ಬೆರಳನ್ನು ನನ್ನ ಗಂಟಲಿಗೆ, ಆಮೇಲೆ ಮೂಗಿಗೆ ಮುಟ್ಟಿಸಿದೆ. ಅದುರುವುದು ತಿಳಿಯಿತು. ಹಲ್ಲು ಬಿಟ್ಟು ನಕ್ಕಳು. ಎರಡು ಸಾಲು ಓದಿದಳು! ಭಾಳ ಖುಷಿ.

ಸಂತೆಯಲ್ಲಿ ಜನ ನನ್ನ ಮುಖ ನೋಡಿ ತಲೆ ತಗ್ಗಿಸುತ್ತಾರೆ. ಒಬ್ಬರು ಸಮಾಧಾನವನ್ನೂ ಹೇಳಿದರು. ನಗು ಬಂತು. ವಾರಗಟ್ಟಲೆ ಸಂತೆ ತಿರುಗುವ ಕನಕಗಿರಿಯ ಕಾಳಿನ ವ್ಯಾಪಾರಿ ಈಶಪ್ಪ ದೂರದಿಂದಲೇ ಕೈ ಮುಗಿದ. ಕರೆದು ಹೇಳಬೇಕಿತ್ತು — ಅಷ್ಟರಲ್ಲಿ ಗಾಡಿ ಹೊರಟಿತ್ತು.

೧೯ ಜುಲೈ, ಶನಿವಾರ

ನಿನ್ನೆ ಕನಕಗಿರಿಗೆ ಹೋಗಿದ್ದೆ. ಬರೆಯಲು ಕೈ ಬಾರದು.

ಈಶಪ್ಪ ಕುಷ್ಟಗಿಯ ಮೇಲೆ ಹಾದುಹೋಗುವಾಗ ಅಲ್ಲಿರುವ ನಮ್ಮಕ್ಕ ವಿರೂಪಾಕ್ಷಮ್ಮನಿಗೆ ಅಪ್ಪ ತೀರಿದರೆಂದು ಸುದ್ದಿ ಮುಟ್ಟಿಸಿದ್ದಾನೆ. ಅಕ್ಕ ಎದೆ ಬಡಿದುಕೊಳ್ಳುತ್ತ ಕನಕಗಿರಿ ಮನೆಯ ಅಂಗಳಕ್ಕೆ ಬಂದಳಂತೆ. ಹಿಂದೆ ಓಣಿಯ ಹೆಂಗಸರು. ಅಪ್ಪ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರಂತೆ. ತಮ್ಮ ಹೆಸರು ಹಿಡಿದು ಅಳುವುದನ್ನು ಕೇಳಿದರು. ತುತ್ತು ಕೆಳಗಿಟ್ಟರು. ಅಂದಿನಿಂದ ಹಾಸಿಗೆ.

ನಾನು ಎಲ್ಲವನ್ನೂ ವಿವರಿಸಿದೆ, ಹುಡುಗಿಯ ವಿಷಯವನ್ನೂ. ಅಪ್ಪ ಗೋಡೆಗೆ ಮುಖ ಮಾಡಿಯೇ ಕೇಳಿದರು.

"ನಾ ಸಾಯೂತನಕ ತಡಿಲಿಲ್ಲೇನೋ? ಮೀಸಿ ಬಂದ ಮ್ಯಾಲ ಬಾ. ಅಲ್ಲೀತನಕ ನಿನ್ನ ಮುಖಾ ನೋಡಂಗಿಲ್ಲ."

೨೦ ಜುಲೈ, ಬೆಳಿಗ್ಗೆ

ಕತ್ತಿ ಹಿಡಿದು ಬಹಳ ಹೊತ್ತು ನಿಂತೆ. ಪಂಪಾವತಿ ಬಾಗಿಲಲ್ಲಿ. ಮೀಸೆ ಬಿಟ್ಟರೆ ಹುಡುಗಿ ಜಿನ್ನಿಗೆ. ಅಪ್ಪನದು ಗಟ್ಟಿ ಜೀವ, ದಸರೆಯತನಕ ಕಾಯುತ್ತಾರೆ...

ತೆಗೆದೆ.

೧೧ ಸೆಪ್ಟೆಂಬರ್

ಬರೆಯುವ ಮನಸ್ಸಿರಲಿಲ್ಲ. ದಿನಾ ಬೆಳಿಗ್ಗೆ ಕತ್ತಿ, ಸಂಜೆ ಪಾಠ. ಹುಲಗೆಮ್ಮ ಪುಸ್ತಕದ ಕೊನೆಗೆ ಬಂದಿದ್ದಾಳೆ. ಸಾಲಿಗೊಮ್ಮೆ ಮುಖ ಎತ್ತುತ್ತಾಳೆ. ತುಟಿ ಆಡಿಸುತ್ತೇನೆ. ಮುಂದೆ ಹೋಗುತ್ತಾಳೆ. ಸುಂಕಲಮ್ಮ ಬಂದು ಬಾಗಿಲಲ್ಲಿ ನಿಂತು ಕೇಳಿದಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಈಗ ಕನಕಗಿರಿಯಿಂದ ಆಳು ಬಂದಿದ್ದಾನೆ. ಹೊರಡುತ್ತೇನೆ.

೧೩ ಸೆಪ್ಟೆಂಬರ್, ಕನಕಗಿರಿ

ನಾನು ಮುಟ್ಟುವ ಮೊದಲೇ ಅಪ್ಪ ಹೋಗಿದ್ದರು. ಕೊನೆಯ ದಿನ ಕೇಳುತ್ತಲೇ ಇದ್ದರಂತೆ — "ಅವನ ಮೀಸಿ ಬಂತೇನು?" ಅಕ್ಕ ಇಷ್ಟು ಹೇಳಿದಳು. ಆಮೇಲೆ ನನ್ನೊಡನೆ ಮಾತಾಡಿಲ್ಲ.

ಕ್ಷೌರಕ್ಕೆ ಕೂತೆ. ಕ್ಷೌರಿಕ ತಲೆ ಮುಗಿಸಿದ. ಮುಖದಲ್ಲಿ ತೆಗೆಯಲು ಏನೂ ಇರಲಿಲ್ಲ. ಕೊನೆಗೆ ನೀರು ಹಚ್ಚಿ, ಬರಿಯ ತುಟಿಯ ಮೇಲೆ ಕತ್ತಿ ಎಳೆದ. ಎಲ್ಲರೂ ನೋಡುತ್ತಿದ್ದರು. ನಾಚಿಕೆಯಿಂದ ಸತ್ತೆ.

೨೭ ಸೆಪ್ಟೆಂಬರ್, ಶನಿವಾರ, ಯಲಬುರ್ಗಾ

ಇಂದು ಪರೀಕ್ಷೆ. ಶಫೀಸಾಬರು ಬೇರೆ ಪುಸ್ತಕ ತೆರೆದುಕೊಟ್ಟರು, ಅವಳು ಕಾಣದ್ದು. ತಡವರಿಸಿದರೆ ನನ್ನ ತುಟಿ ನೋಡಲಿ ಎಂದು ಎದುರಿಗೇ ಕೂತೆ.

ಓದಿದಳು. ಬೆರಳಿಟ್ಟು, ಒಡಕು ದನಿಯಲ್ಲಿ, ದೊಡ್ಡದಾಗಿ. ಒಂದು ಕಡೆ ನಿಂತಳು. ನಾನು ತುಟಿ ಆಡಿಸಿದೆ. ಮುಖ ಎತ್ತಲಿಲ್ಲ. ತಾನೇ ಕೂಡಿಸಿಕೊಂಡು ಮುಂದೆ ಹೋದಳು. ಪುಟ ಮುಗಿಯಿತು. ಹೆಸರು ಉಳಿಯಿತು. ಶಫೀಸಾಬರು ಅವಳ ಬೆನ್ನು ತಟ್ಟಿದರು.

ಹೊರಗೆ ಬಂದ ಮೇಲೆ ಕೇಳಿದೆ, ನನ್ನ ಕಡೆ ಯಾಕೆ ನೋಡಲಿಲ್ಲ ಎಂದು.

"ಶ್ರಾವಣದಾಗನ ಓದಾಕ ಬಂದಿತ್ರಿ, ಮಾಸ್ತರ. ನೀವು ಕಾಯ್ಕೊಂಡು ಕುಂತಿರ್ತಿದ್ರಿ, ಅದಕ್ಕ ನೋಡ್ತಿದ್ದೆ."

ನಗುತ್ತ ಹೇಳಿದಳು. ಓಡಿ ಹೋದಳು.

ಶ್ರಾವಣದಲ್ಲೇ ಮೀಸೆ ಬಿಟ್ಟಿದ್ದರೆ, ಭಾದ್ರಪದದಲ್ಲಿ ಹೋಗುವ ಮೊದಲು ಅಪ್ಪ ನನ್ನ ಮುಖ —